ಗಾಲಿಯಿರುವ ಹಡಗು

ನಮ್ಮ ಮನೆಯ ಹಾಲಿನಲ್ಲಿ, ಟೀವಿಯ ಪಕ್ಕದ ಕಪಾಟಿನ ಮೇಲೆ ಒಂದು ಹಡಗಿದೆ. ಆಗ ತಾನೇ ಹುಟ್ಟಿದ ಎಮ್ಮೆಗರುವಿನಷ್ಟು ಉದ್ದವಿರುವ ಅದರ ಭಾರಕ್ಕೆ ಕಪಾಟು ನಡುವಿನಲ್ಲಿ ಒಂಚೂರು ಬಾಗಿದೆ. ಮೂರು ಪಟಸ್ತಂಭ, ರೇಷ್ಮೆಯ ಹಾಯಿ, ಕೆಂಪು ಹಳದಿ ಅರಗಿನ ಹೊಳಪು, ಎಲ್ಲ ಸರಿಯಾಗಿದೆ. ಮನೆಗೆ ಬಂದವರು ಮೊದಲು ಅದನ್ನು ಹೊಗಳುತ್ತಾರೆ. ಆಮೇಲೆ ಬಗ್ಗಿ ಕೆಳಗೆ ನೋಡುತ್ತಾರೆ. ಆಮೇಲೆ ನನ್ನ ಮುಖ ನೋಡುತ್ತಾರೆ. ಏಕೆಂದರೆ ಹಡಗಿನ ಅಡಿಯಲ್ಲಿ ಹಸಿರು ಬಣ್ಣದ ನಾಲ್ಕು ಗಾಲಿಗಳಿವೆ, ಮೂತಿಯಲ್ಲಿ ಹಗ್ಗ ಕಟ್ಟಿ ಎಳೆಯಲು ಒಂದು ತೂತಿದೆ.

ನಾನು ಬಾಯಿ ಬಿಡುವ ಮೊದಲೇ ನನ್ನ ಹೆಂಡತಿ ಅಡುಗೆಮನೆಯಿಂದಲೇ ಉತ್ತರ ಕೊಡುತ್ತಾಳೆ: "ಅದಾ? ಇವರ ಕಾದಂಬರಿ ಸಿನಿಮಾ ಆಯ್ತಲ್ಲ, ಅದರಲ್ಲಿ ಪಾರ್ಟು ಮಾಡಿದ ಹಡಗು." ಆಗ ಬಂದವರು ಗಾಲಿಯನ್ನು ಮರೆತು ನನ್ನನ್ನು ನೋಡಲು ಶುರು ಮಾಡುತ್ತಾರೆ. ನಾನು ಕಾದಂಬರಿ ಬರೆದಿದ್ದೇನೆ ಎನ್ನುವುದು ಹಡಗಿಗೆ ಗಾಲಿ ಇರುವುದಕ್ಕಿಂತ ದೊಡ್ಡ ಆಶ್ಚರ್ಯ ಅವರಿಗೆ. ಈ ಊರಿನಲ್ಲಿ ಇಷ್ಟು ವರ್ಷ ಬದುಕಿ ನಾನು ಸಂಪಾದಿಸಿದ ಕೀರ್ತಿ ಇಷ್ಟು.

ಊರು ಚನ್ನಪಟ್ಟಣ. ಕೆಲಸ ಮಾಡಿದ್ದು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಗೂಡಿನ ಹರಾಜು ನೋಡಿಕೊಳ್ಳುವ ನೌಕರನಾಗಿ. ಬರೆದದ್ದು ಸಮುದ್ರಯಾನದ ಐತಿಹಾಸಿಕ ಕಾದಂಬರಿ. ಈ ಮೂರಕ್ಕೂ ಏನು ಸಂಬಂಧ ಅಂತ ನೀವು ಕೇಳುತ್ತೀರಿ, ಗೊತ್ತು. ನನ್ನ ಮೇಲಧಿಕಾರಿಗಳೂ ಕೇಳಿದ್ದರು. ಸಮುದ್ರದ ಪಕ್ಕದವರು ಸಮುದ್ರದ ಬಗ್ಗೆ ಬರೆಯುವುದರಲ್ಲಿ ಏನು ಹೆಚ್ಚುಗಾರಿಕೆ ಇದೆ ಸಾರ್ ಎಂದು ನಾನೂ ಕೇಳಿದೆ. ಅವರು ಫೈಲು ಮುಚ್ಚಿ ಕಾಫಿಗೆ ಹೋದರು.

ನಿಜ ಹೇಳಬೇಕೆಂದರೆ ನನ್ನ ಸಮುದ್ರ ಹುಟ್ಟಿದ್ದು ಚರಂಡಿಯಲ್ಲಿ. ನಾನು ಸಣ್ಣವನಿದ್ದಾಗ ನಮ್ಮ ಬೀದಿಯ ತುದಿಯಲ್ಲಿ ರೇಷ್ಮೆ ನೂಲು ತೆಗೆಯುವ ಮನೆಗಳಿದ್ದವು. ಗೂಡು ಬೇಯಿಸಿದ ಬಿಸಿನೀರನ್ನು ಅವರು ಬೆಳಿಗ್ಗೆ ಬೆಳಿಗ್ಗೆ ಚರಂಡಿಗೆ ಚೆಲ್ಲುತ್ತಿದ್ದರು. ಹಬೆಯಾಡುತ್ತ, ನೊರೆಯೇಳುತ್ತ ಅದು ನಮ್ಮ ಮನೆಯ ಮುಂದೆ ಹಾದುಹೋಗುತ್ತಿತ್ತು. ಎದುರು ಮನೆಯ ಸನಾವುಲ್ಲ ಅವನ ಅಪ್ಪನ ಬೊಂಬೆ ಕಾರ್ಖಾನೆಯಿಂದ ಸೀಳಿಹೋದ ಮರದ ತುಂಡುಗಳನ್ನು ಲುಂಗಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದ. ಮೂಗು ಮುರಿದ ಬುಗುರಿ, ತಲೆಯಿಲ್ಲದ ರಾಜ, ಅರ್ಧ ಕುದುರೆ, ಎಲ್ಲವೂ ನಮಗೆ ಹಡಗೇ. ಅವನ್ನು ನೊರೆಯಲ್ಲಿ ತೇಲಿಬಿಟ್ಟು ಪಕ್ಕದಲ್ಲೇ ಓಡುತ್ತಿದ್ದೆವು. ಬೆಂದ ಹುಳುವಿನ ಆ ವಾಸನೆ ಗೊತ್ತಿಲ್ಲದವರಿಗೆ ನಾನು ಹೇಳಿ ತಿಳಿಸಲಾರೆ, ಗೊತ್ತಿರುವವರಿಗೆ ಹೇಳುವ ಅಗತ್ಯವೇ ಇಲ್ಲ.

ಓಡಿ ದಣಿದು ಬಂದರೆ ನಮ್ಮಕ್ಕ ಪುಟ್ಟತಾಯಮ್ಮ ಇಬ್ಬರ ಕಾಲನ್ನೂ ತಿಕ್ಕಿ ತೊಳೆಯುತ್ತಿದ್ದಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವರೆಕಾಯಿ ಸುಲಿಯುತ್ತ ಏಳು ಸಮುದ್ರದ ಆಚೆಗೆ ಹೋದ ರಾಜಕುಮಾರರ ಕತೆ ಹೇಳುತ್ತಿದ್ದಳು. ಅಕ್ಕನ ಕತೆಗಳಲ್ಲಿ ಒಂದು ವಿಶೇಷ ಇತ್ತು: ಹೋದವರೆಲ್ಲ ವಾಪಸ್ ಬರುತ್ತಿದ್ದರು. ಕುದುರೆಯೂ ಬರುತ್ತಿತ್ತು, ನಾಯಿಯೂ ಬರುತ್ತಿತ್ತು. ಒಂದು ಸಲ ಸನಾವುಲ್ಲ, "ರಾಕ್ಷಸ ಏನಾದ ಅಕ್ಕ?" ಎಂದು ಕೇಳಿದ್ದಕ್ಕೆ ಅವಳು, "ಅವನ್ನ ಅವ್ರಮ್ಮ ಕರೆದ್ಲು, ಮನೆಗೋದ" ಎಂದಿದ್ದಳು.

ಈಗ ಕಾದಂಬರಿಗೆ ಬರುತ್ತೇನೆ. ಹೆಸರು 'ಏಳು ಹಾಯಿಯ ಹಡಗು'. ನೂರಾರು ವರ್ಷಗಳ ಹಿಂದೆ ಮೆಣಸು, ಅಕ್ಕಿ ತುಂಬಿಕೊಂಡು ಅರಬರ ನಾಡಿಗೆ ಹೋಗುತ್ತಿದ್ದ ಮಲ್ಲನಾಯಕ ಎಂಬ ಹಡಗಿನ ಒಡೆಯನ ಕತೆ. ಬರೆಯುವಾಗ ನಾನು ಸಮುದ್ರ ನೋಡಿರಲಿಲ್ಲ. ಬಿರುಗಾಳಿಯ ಅಧ್ಯಾಯವನ್ನು ಗೂಡಿನ ಹರಾಜಿನ ಗದ್ದಲದ ನಡುವೆ ಕೂತು ಬರೆದೆ, ಗದ್ದಲ ಹಾಗೇ ಇಳಿದುಬಂತು. ವಾಸನೆ ಮಾತ್ರ ಚರಂಡಿಯದು. ಒಂದು ಸಮಾರಂಭದಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಪುಸ್ತಕ ಲಾಯ್ಕಿತ್ ಮಾರಾಯ್ರೆ, ಆದ್ರೆ ನೀವ್ ಹೇಳಿದ್ ವಾಸ್ನೆ ನಮ್ ಸಮುದ್ರಕ್ಕೆ ಇಲ್ಲೆ" ಎಂದರು. ಆಮೇಲೆ ಇಲಾಖೆಯವರ ಜೊತೆ ಮಂಗಳೂರಿಗೆ ಹೋಗಿ ಸಮುದ್ರ ನೋಡಿದೆ. ನಾನು ಬರೆದದ್ದಕ್ಕಿಂತ ಸಣ್ಣದಿತ್ತು. ಸುಮ್ಮನೆ ಕಡಲೆಕಾಯಿ ತಿಂದು ಬಂದೆ.

ಸಮುದ್ರಕ್ಕೆ ಚರಂಡಿ ಸಿಕ್ಕಿತು, ನಾಯಕನಿಗೆ ಯಾರು? ನಮ್ಮ ಭಾವ ಸಿಕ್ಕರು. ಅಕ್ಕನನ್ನು ಕೊಟ್ಟಿದ್ದು ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಗೆ. ಭಾವ ಚಿಕ್ಕೀರಯ್ಯ ಒಂದಿಷ್ಟು ರಾಗಿ ಹೊಲ ಮಾಡಿಕೊಂಡು, ಉಳಿದ ಹೊತ್ತು ಸಂಗಮದಲ್ಲಿ ಹರಿಗೋಲು ಹಾಕಿ ಜನರನ್ನು ಹೊಳೆ ದಾಟಿಸುತ್ತಿದ್ದರು. ನನಗೆ ಗೊತ್ತಿದ್ದವರಲ್ಲಿ ನೀರಿನ ಮೇಲೆ ಹೊಟ್ಟೆ ಹೊರೆದುಕೊಳ್ಳುತ್ತಿದ್ದವರು ಅವರೊಬ್ಬರೇ. ಮನೆಯಿಂದ ಹೊರಡುವಾಗ ಕಿವಿಯ ಸಂದಿಗೆ ಒಂದು ಬೀಡಿ ಸಿಕ್ಕಿಸಿಕೊಂಡು, ಹೊಸ್ತಿಲು ದಾಟಿದ ಮೇಲೆ ತಿರುಗಿ ನಿಂತು, "ಬಿಸಿ ಮುದ್ದೆ ಕಟ್ಟಿರು, ಬಂದ್ಬುಡ್ತೀನಿ" ಎನ್ನುವರು. ದಿನಾ ಅದೇ ಮಾತು, ಅದೇ ಜಾಗ. ನಾನು ಅಷ್ಟನ್ನೂ ಎತ್ತಿ ಮಲ್ಲನಾಯಕನಿಗೆ ಕೊಟ್ಟೆ. ಆ ಕಾಲದಲ್ಲಿ ಬೀಡಿ ಇರಲಿಲ್ಲವಾದ್ದರಿಂದ ಲವಂಗ ಸಿಕ್ಕಿಸಿದೆ. ಮುದ್ದೆಯ ಮಾತನ್ನು ಮಾತ್ರ ಹಾಗೇ ಬಿಟ್ಟೆ. ಕೊನೆಯ ಅಧ್ಯಾಯದಲ್ಲಿ ಮಲ್ಲನಾಯಕ ಹೆಂಡತಿಗೆ ಆ ಮಾತು ಹೇಳಿ ಹಡಗು ಹತ್ತುತ್ತಾನೆ, ಬಿರುಗಾಳಿಗೆ ಸಿಕ್ಕಿ ಮುಳುಗುತ್ತಾನೆ, ಇತ್ತ ಮುದ್ದೆ ತಟ್ಟೆಯಲ್ಲಿ ಆರುತ್ತದೆ. ಅಲ್ಲಿಗೆ ಕಾದಂಬರಿ ಮುಗಿಯುತ್ತದೆ. ವಿಮರ್ಶಕರು ಆ ಆರಿದ ಮುದ್ದೆಯನ್ನು ಬಹಳ ಮೆಚ್ಚಿದರು. ನನ್ನ ಜೀವನದಲ್ಲಿ ನನಗೆ ಸಿಕ್ಕ ಹೊಗಳಿಕೆಯೆಲ್ಲ ಆ ಒಂದು ಮುದ್ದೆಗೆ ಸಿಕ್ಕಿದ್ದು.

ಮೆಚ್ಚದವಳು ಅಕ್ಕ ಒಬ್ಬಳೇ. ಪುಸ್ತಕ ಅಚ್ಚಾದ ಹೊಸತರಲ್ಲಿ ಉಬ್ಬಿಹೋಗಿ ಉಯ್ಯಂಬಳ್ಳಿಗೆ ಹೋಗಿ, ಜಗಲಿಯ ಮೇಲೆ ಕೂತು ಅವಳಿಗೆ ಕೊನೆಯ ಅಧ್ಯಾಯ ಓದಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಮುದ್ದೆಯ ಮಾತು ಬಂದಾಗ ಕೈ ನಿಂತಿತು. ಹಡಗು ಮುಳುಗಿದಾಗ ಮೊರವನ್ನು ಪಕ್ಕಕ್ಕಿಟ್ಟಳು.

"ಇವ್ನು ನಿಮ್ ಭಾವ ಅಲ್ವೇನೋ?"

"ಅಲ್ಲಕ್ಕ, ಇದು ಮಲ್ಲನಾಯಕ. ಇದು ಸಾಹಿತ್ಯ."

"ಕಿವೀಲಿ ಸಿಕ್ಕಿಸ್ಕೊಂಡವ್ನಲ್ಲ?"

"ಅದು ಲವಂಗ."

"ಬೀಡಿ ಹೋಗಿ ಲವಂಗ ಬಂದ್ರೆ ಗಂಡ ಬದ್ಲಾಯ್ತನೇನೋ ಶಂಕ್ರ? ಒಡಹುಟ್ಟಿದೋಳ ಕುಂಕುಮದ ಮ್ಯಾಲೆ ಕಣ್ ಹಾಕ್ಬುಟ್ಯಲ್ಲ. ನಿಂಗೆ ಮುಳುಗ್ಸಕ್ಕೆ ಬೇರೆ ಯಾರೂ ಸಿಗ್ನಿಲ್ವಾ?"

ಮುಳುಗಿಸಲ್ಪಟ್ಟ ಭಾವ ಪಕ್ಕದಲ್ಲೇ ಕೂತು ಹರಿಗೋಲಿನ ಹಗ್ಗ ಹೊಸೆಯುತ್ತಿದ್ದರು. ಅವರು ತಲೆ ಎತ್ತಲಿಲ್ಲ. ನಾನು ದುರಂತ ನಾಟಕದ ಪರಂಪರೆಯ ಬಗ್ಗೆ ಒಂದೆರಡು ಮಾತು ಹೇಳಿದೆ. ಅಕ್ಕ ಎದ್ದು ಒಳಗೆ ಹೋದಳು. ಆವತ್ತು ನನಗೆ ಊಟ ಹಾಕಲಿಲ್ಲ, ಟೀ ಕೊಟ್ಟಳು. ನಮ್ಮ ಕಡೆ ಉಣ್ಣುವ ಹೊತ್ತಿಗೆ ಬಂದವನಿಗೆ ಟೀ ಕೊಟ್ಟು ಕಳಿಸಿದರೆ ಅದಕ್ಕಿಂತ ದೊಡ್ಡ ಬೈಗುಳ ಬೇರೆ ಇಲ್ಲ.

ಬಿಸಿ ಆರಿದ ಮೇಲೆ ಸರಿಹೋಗುತ್ತಾಳೆ ಅಂದುಕೊಂಡೆ. ಗೌರಿಹಬ್ಬ ಬಂತು. ತವರಿನಿಂದ ಹೆಣ್ಣುಮಗಳಿಗೆ ಬಾಗಿನ ಹೋಗಬೇಕಲ್ಲ? ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ರವಿಕೆ ಕಣ, ತೆಂಗಿನಕಾಯಿ ಎಲ್ಲ ಜೋಡಿಸಿಕೊಂಡು ಹೋದೆ. ಅಕ್ಕ ಮೊರಕ್ಕೆ ಕೈ ಮುಗಿದು, ನನ್ನ ಕಡೆಗೇ ವಾಪಸ್ ತಳ್ಳಿದಳು. "ಮುಳುಗ್ಸೋ ಕೈಯಿಂದ ನಂಗೆ ಕುಂಕುಮ ಬ್ಯಾಡ" ಎಂದಳು. ಮುಂದಿನ ವರ್ಷವೂ ಹಾಗೇ. ಅದರ ಮುಂದಿನ ವರ್ಷವೂ ಹಾಗೇ. ನಮ್ಮ ಮನೆಗೆ ಬರುವುದನ್ನೂ ಬಿಟ್ಟಳು. ಬಸ್ಸಿನಲ್ಲಿ ಆ ಮೊರವನ್ನು ಮಡಿಲಲ್ಲಿಟ್ಟುಕೊಂಡು ವಾಪಸ್ ಬರುವಾಗ ನಾನು ಬಾಯಲ್ಲಿ ಸಾಹಿತ್ಯ, ಕಲೆ ಎಂದೆಲ್ಲ ಗೊಣಗುತ್ತ, ತೆಂಗಿನಕಾಯಿ ಉರುಳದಂತೆ ಹಿಡಿದುಕೊಂಡಿರುತ್ತಿದ್ದೆ. ನನಗೆ ತಾಯಿ ಅಂತ ಇದ್ದವಳು ಅವಳೇ.

ಒಂದು ಸಲ ಭಾವ ಬಸ್‌ಸ್ಟಾಂಡಿನವರೆಗೆ ಬಂದರು. "ಬಾಮೈದ, ನೀನು ನನ್ನ ಮುಳುಗ್ಸಿದ್ದಕ್ಕೆ ಬ್ಯಾಸ್ರ ಇಲ್ಲ ಕಣಪ್ಪ. ಹೆಂಗೂ ನಂಗೆ ಈಜು ಬತ್ತದೆ. ಆದ್ರೆ ಆ ಮುದ್ದೆ ಮಾತು ಆಡಂಗಿಲ್ಲ ಅಂತ ಆಣೆ ಹಾಕವ್ಳೆ. ಈಗ ಹೊಸ್ತಿಲು ದಾಟಿ ತಿರುಗಿ ನಿಂತ್ಕತೀನಿ, ಬಾಯಿ ತೆಗೀತೀನಿ, ಸುಮ್ನೆ ಹೋಯ್ತೀನಿ. ಇಡೀ ದಿನ ಏನೋ ಮರೆತು ಬಂದಂಗಿರ್ತದೆ" ಎಂದರು. ನಾನು ಆ ಮಾತನ್ನು ಮೂವತ್ತು ಪುಟದ ವಿಮರ್ಶೆಯಂತೆ ಹೊತ್ತುಕೊಂಡು ಬಂದೆ.

ಹೀಗಿರುವಾಗ ಚೈತ್ರ ಬಂದಳು. ಮಾಗಡಿಯ ಹುಡುಗಿ, ಸಿನಿಮಾ ನಿರ್ದೇಶನ ಕಲಿತವಳು. ಮಾಗಡಿಯ ಲೈಬ್ರರಿಯಲ್ಲಿ ಯಾರೂ ಮುಟ್ಟದ ಕಪಾಟಿನಲ್ಲಿ ನನ್ನ ಪುಸ್ತಕ ಸಿಕ್ಕಿತಂತೆ. ಮೊಬೈಲಿನಲ್ಲಿ ನೋಡುವ ಸಿನಿಮಾ ಮಾಡುತ್ತೇನೆ ಅಂಕಲ್ ಎಂದಳು. ನಾನು ಗಂಭೀರವಾಗಿ ಯೋಚಿಸುವವನಂತೆ ಕನ್ನಡಕ ಒರೆಸಿದೆ. ಹೆಂಡತಿ ಒಳಗಿನಿಂದ, "ಒಪ್ಕೊಂಡಾಯ್ತು ಕಣಮ್ಮ, ಕಾಫಿ ಕುಡಿ" ಎಂದಳು.

ಕಾದಂಬರಿಯನ್ನು ಸಿನಿಮಾ ಮಾಡುವುದೆಂದರೆ ತುಂಬಿದ ಮನೆಯನ್ನು ಆಟೋದಲ್ಲಿ ಸಾಗಿಸಿದ ಹಾಗೆ. ಬೀರು ಹಿಡಿಸುವುದಿಲ್ಲ, ಮಂಚ ಹಿಡಿಸುವುದಿಲ್ಲ, ಕಡೆಗೆ ಒಂದು ಚಾಪೆ ಮತ್ತು ಗಡಿಯಾರ ಹೋಗುತ್ತದೆ. ನನ್ನ ಏಳು ಹಾಯಿಗಳು ಮೂರಾದವು. ಅರಬರ ಪಟ್ಟಣ ಒಂದು ಬಾಗಿಲಾಯಿತು. ಎರಡು ಅಧ್ಯಾಯ ಈಜಿದ್ದ ತಿಮಿಂಗಿಲಕ್ಕಾಗಿ ನಾನು ಬಹಳ ಹೋರಾಡಿದೆ. "ಅಂಕಲ್, ತಿಮಿಂಗಿಲ ಬಿಟ್ಟುಬಿಡಿ" ಎಂದಳು. ನಾನು ಬಿಡಲಿಲ್ಲ. ಕೊನೆಗೆ ಒಂದು ಮೀನು ಕೊಟ್ಟಳು. ಹಡಗಿನ ಮೇಲಿನ ದೃಶ್ಯಗಳನ್ನೆಲ್ಲ ಸೋಲೂರಿನ ಒಂದು ತೆಂಗಿನಕಾಯಿ ಶೆಡ್ಡಿನಲ್ಲಿ ಹಲಗೆ ಹೊಡೆದು ತೆಗೆದರು. ಮಲ್ಲನಾಯಕನ ಪಾತ್ರ ಮಾಡಿದವನು ಅಲ್ಲಿಯ ಹಾಲಿನ ವ್ಯಾನ್ ಡ್ರೈವರ್, ಊರ ನಾಟಕಗಳಲ್ಲಿ ಹೆಸರು ಮಾಡಿದವನು. ನಾಲ್ಕು ಜನ ಹಲಗೆಯನ್ನು ಎತ್ತಿ ಕುಲುಕಿದ್ದಕ್ಕೆ, ನೀರೇ ಇಲ್ಲದ ಜಾಗದಲ್ಲಿ ಪಾಪ ಅವನು ವಾಂತಿ ಮಾಡಿಕೊಂಡ. ಚೈತ್ರ ಅದನ್ನೂ ತೆಗೆದುಕೊಂಡಳು, ಚೆನ್ನಾಗಿ ಬಂದಿತ್ತು.

ಎಲ್ಲದಕ್ಕೂ ಕತ್ತರಿ ಹಾಕಿದ ಅವಳು ಒಂದನ್ನು ಮಾತ್ರ ಮುಟ್ಟಲಿಲ್ಲ. "ಕೊನೆಗೆ ನಾನು ಕೈ ಹಾಕಲ್ಲ ಅಂಕಲ್. ಆ ಮುದ್ದೆ ಆರೋದಿದೆಯಲ್ಲ, ಅದಕ್ಕೋಸ್ಕರವೇ ಈ ಸಿನಿಮಾ ಮಾಡ್ತಿರೋದು" ಎಂದಳು. ಅಕ್ಕನ ವಿಷಯ ಅವಳಿಗೆ ಹೇಳಿ, ಕೊನೆ ಬದಲಾಯಿಸಮ್ಮ ಎನ್ನಬೇಕೆಂದು ಎರಡು ಸಲ ಬಾಯಿ ತೆಗೆದೆ. ಎರಡು ಸಲವೂ ಬಾಯಿಂದ "ಥ್ಯಾಂಕ್ಸ್ ಕಣಮ್ಮ" ಎಂದೇ ಬಂತು. ಹೊಗಳಿಕೆ ಕೇಳಿ ಅಭ್ಯಾಸವಿಲ್ಲದವನಿಗೆ ಅದು ಸಿಕ್ಕಾಗ ಬಿಡುವುದು ಕಷ್ಟ.

ಇನ್ನು ಉಳಿದದ್ದು ಹಡಗು ಮುಳುಗುವ ದೃಶ್ಯ. ಅದಕ್ಕೊಂದು ಪುಟ್ಟ ಹಡಗು ಬೇಕು, ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿ ತೆಗೆದರೆ ದೊಡ್ಡದಾಗಿ ಕಾಣುತ್ತದೆ ಎಂದಳು. ಚನ್ನಪಟ್ಟಣದಲ್ಲಿ ಕೂತು ಇದಕ್ಕೆ ಯೋಚನೆ ಏಕೆ? ಸನಾವುಲ್ಲನಿಗೆ ಹೇಳಿದೆ. ಅವನು ಈಗ ಅವನ ಅಪ್ಪನ ಕಾರ್ಖಾನೆಯಲ್ಲೇ, ಅದೇ ಕಿಟಕಿಯ ಪಕ್ಕ ಕೂತು ಬೊಂಬೆ ಮಾಡುತ್ತಾನೆ. ಬೊಂಬೆಗೆ ಬಳಸುವ ಮೆದುವಾದ ಆಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿದ್ದರೆ ಅದಕ್ಕೆ ಅರಗು ಒತ್ತಿ ಹಿಡಿದು, ಬಣ್ಣ ಕರಗಿ ಹತ್ತಿದ ಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾನೆ. ನಾನು ತಂದ ಚಿತ್ರಗಳನ್ನು ನೋಡಿ, "ಮಾಡ್ಬುಡವ ತಗೋ. ಯಾವಾಗ ಬೇಕು?" ಎಂದ. ಬೇರೇನೂ ಕೇಳಲಿಲ್ಲ.

ಹಡಗು ಸಿದ್ಧವಾಯಿತು ಎಂದು ಹೇಳಿಕಳಿಸಿದ. ನಾನು ಚೈತ್ರಳನ್ನು ಕರೆದುಕೊಂಡು ಹೊರಟೆ. ಬೀದಿಯ ತಿರುವಿನಲ್ಲೇ ಎದುರು ಬಂದ, ಹಗ್ಗ ಕಟ್ಟಿ ಹಡಗನ್ನು ಎಳೆದುಕೊಂಡು. ಟಾರು ರೋಡಿನ ಮೇಲೆ ಅದು ಗಡಗಡ ಬರುತ್ತಿತ್ತು. ಪಕ್ಕದ ಟೀ ಅಂಗಡಿಯವರೆಲ್ಲ ಎದ್ದು ನಿಂತಿದ್ದರು. ಚೈತ್ರ ನನ್ನ ಕಡೆ ನೋಡಿದಳು. ನಾನು ಸನಾವುಲ್ಲನ ಕಡೆ ನೋಡಿದೆ.

"ಲೇ, ಹಡಗಿಗೆ ಯಾಕ್ಲಾ ಗಾಲಿ ಹಾಕಿದ್ದೀಯಾ?"

ಅವನು ತಿರುಗಿ ಬಗ್ಗಿ ನೋಡಿದ. ಅವನ ಮುಖದಲ್ಲೂ ನಿಜವಾದ ಆಶ್ಚರ್ಯವಿತ್ತು. "ಹಾಕ್ಬುಟ್ಟಿದ್ದೀನಲ್ಲ" ಎಂದ. ಒಂದು ಗಾಲಿಯನ್ನು ಬೆರಳಲ್ಲಿ ತಿರುಗಿಸಿ, "ಕೈ ಕಣ್ಲಾ ಅದು. ಆನೆ ಮಾಡಿದ್ರೂ ಹಾಕ್ತದೆ, ನವಿಲು ಮಾಡಿದ್ರೂ ಹಾಕ್ತದೆ. ಗಾಲಿ ಇಲ್ದೆ ನಮ್ಮ ಕಾರ್ಖಾನೆಯಿಂದ ಇಲ್ಲೀವರ್ಗೂ ಏನೂ ಆಚೆ ಹೋಗಿಲ್ಲ" ಎಂದ.

ಕೀಳೋಣವೆಂದರೆ ಗಾಲಿಯ ಅಚ್ಚನ್ನು ತಳದ ಮರಕ್ಕೇ ಕೂರಿಸಿ ಅರಗು ಹಾಕಿ ಮುಚ್ಚಿಬಿಟ್ಟಿದ್ದ, ಕಿತ್ತರೆ ತಳವೇ ತೂತಾಗುತ್ತಿತ್ತು. ಹೇಗೂ ನೀರೊಳಗೆ ಇರುವುದು, ಯಾರಿಗೆ ಕಾಣುತ್ತದೆ ಎಂದು ಚೈತ್ರ ಸಮಾಧಾನ ಮಾಡಿಕೊಂಡಳು.

ಶೂಟಿಂಗು ಕಣ್ವ ಜಲಾಶಯದಲ್ಲಿ. ಅರಬ್ಬಿ ಸಮುದ್ರದ ನಟ್ಟನಡುವೆ ದೂರದಲ್ಲಿ ಬೆಟ್ಟ ಕಾಣುತ್ತಿತ್ತು, ದಡದ ಹತ್ತಿರ ಎಮ್ಮೆಗಳು ಮಲಗಿದ್ದವು. ಎಮ್ಮೆಗಳನ್ನು ಎಬ್ಬಿಸಲು ಅರ್ಧ ಬೆಳಿಗ್ಗೆ ಹೋಯಿತು. ಇನ್ನು ಅಲೆ ಬೇಕು. ಹರಿಗೋಲನ್ನು ಗಿರಗಿರ ತಿರುಗಿಸಿದರೆ ಚೆನ್ನಾಗಿ ಅಲೆ ಏಳುತ್ತದೆ ಎಂದು ಯಾರೋ ಮೊದಲೇ ಹೇಳಿದ್ದರು. ಹರಿಗೋಲು ಎಂದ ಕೂಡಲೇ ನಾನು ಯೋಚಿಸದೆ, ನಮ್ಮ ಭಾವ ಇದ್ದಾರಲ್ಲ ಎಂದುಬಿಟ್ಟಿದ್ದೆ. ಹೀಗೆ, ಯಾರನ್ನು ನಾನು ಪುಸ್ತಕದಲ್ಲಿ ಮುಳುಗಿಸಿದ್ದೆನೋ ಅವರನ್ನೇ ಕರೆಸಿ, ಮುಳುಗಿಸುವ ಬಿರುಗಾಳಿಯನ್ನು ಅವರ ಕೈಯಲ್ಲೇ ಎಬ್ಬಿಸುವ ಏರ್ಪಾಡಾಯಿತು. ಭಾವ ಟೆಂಪೋದಲ್ಲಿ ಹರಿಗೋಲು ಹಾಕಿಕೊಂಡು ಬಂದಿಳಿದರು. ಅವರ ಹಿಂದೆ, ಕೈಯಲ್ಲಿ ಊಟದ ಕ್ಯಾರಿಯರ್ ಹಿಡಿದು, ಅಕ್ಕ ಇಳಿದಳು.

"ನೀನ್ಯಾಕಕ್ಕ ಬಂದೆ ಇಷ್ಟು ದೂರ?"

"ನೀನು ನೀರಿನ ಹತ್ರ ನನ್ನ ಗಂಡನ್ನ ಕರ್ಸಿದ್ರೆ ನಾನ್ ಬರ್ದೆ ಇರ್ತೀನಾ?" ಎಂದಳು. ಚೈತ್ರ ಕುರ್ಚಿ ಕೊಟ್ಟರೂ ಕೂರಲಿಲ್ಲ. ದಡದ ಮೇಲೆ, ಭಾವನ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಳು.

ಭಾವ ಹರಿಗೋಲು ತಿರುಗಿಸಿದರು. ಅಬ್ಬಾ, ಎಂಥ ಬಿರುಗಾಳಿ ಅದು, ನನ್ನ ಅಧ್ಯಾಯಕ್ಕಿಂತ ಚೆನ್ನಾಗಿತ್ತು. ಹಡಗು ಎದ್ದಿತು, ಬಿದ್ದಿತು, ರೇಷ್ಮೆಯ ಹಾಯಿ ಒದ್ದೆಯಾಗಿ ಅಂಟಿಕೊಂಡಿತು. ಮುಳುಗಲಿಲ್ಲ. ಚೈತ್ರ ಹಡಗಿನೊಳಗೆ ಕಲ್ಲು ತುಂಬಿಸಿದಳು. ಸೊಂಟದವರೆಗೆ ಇಳಿಯಿತು, ಓಲಾಡಿತು, ಕಲ್ಲನ್ನೆಲ್ಲ ನೀರಿಗೆ ಸುರಿದುಕೊಂಡು ಮತ್ತೆ ಮೇಲೆ ಬಂತು. ಇಬ್ಬರು ನೀರಿಗಿಳಿದು ಕೈಯಲ್ಲಿ ಅದುಮಿ ಹಿಡಿದರು, ಬಿಟ್ಟ ಕೂಡಲೇ ಮೀನಿನ ಹಾಗೆ ಪುಳಕ್ಕನೆ ಎದ್ದಿತು. ಕೊನೆಗೆ ಭಾವ ಎಬ್ಬಿಸಿದ ಒಂದು ದೊಡ್ಡ ಅಲೆಗೆ ಹಡಗು ಪೂರ್ತಿ ಮಗುಚಿತು. ಅರಬ್ಬಿ ಸಮುದ್ರದ ಮೇಲೆ ಹಸಿರು ಬಣ್ಣದ ನಾಲ್ಕು ಗಾಲಿಗಳು ಆಕಾಶಕ್ಕೆ ಮುಖ ಮಾಡಿ ಮೆಲ್ಲಗೆ ತಿರುಗುತ್ತಿದ್ದವು.

ಮೊದಲು ನಕ್ಕಿದ್ದು ಚೈತ್ರಳೇ. ನಕ್ಕು ನಕ್ಕು ಸುಸ್ತಾಗಿ ಕಲ್ಲಿನ ಮೇಲೆ ಕೂತಳು. ಬೆಳಕು ಇಳಿಯುತ್ತಿತ್ತು. ಮರುದಿನ ಕ್ಯಾಮೆರಾ ವಾಪಸ್ ಕೊಡಬೇಕಿತ್ತು.

"ಅಂಕಲ್, ನಿಮ್ಮ ಹಡಗು ಮುಳುಗಲ್ಲ ಅಂತ ಹಟ ಹಿಡಿದಿದೆ. ಎರಡೇ ದಾರಿ. ಕಂಪ್ಯೂಟರಿನಲ್ಲಿ ಹೇಗೋ ಮುಳುಗಿಸ್ತೀನಿ. ಇಲ್ಲಾಂದ್ರೆ ಅವನು ಬದುಕಿ ಮನೆಗೆ ಬರ್ತಾನೆ. ನಿಮ್ಮ ಕತೆ, ನೀವೇ ಹೇಳಿ. ನನ್ನ ಕೇಳಿದರೆ ಮುಳುಗಿಸೋದೇ ಸರಿ."

ಕಂಪ್ಯೂಟರ್ ಎಂದ ಕೂಡಲೇ ನನ್ನ ಎದೆ ಹಗುರಾಯಿತು. ನನ್ನ ಮುದ್ದೆ ಆರುತ್ತದೆ, ವಿಮರ್ಶಕರು ಮೆಚ್ಚಿದ ಕೊನೆ ಉಳಿಯುತ್ತದೆ. ಸರಿ ಎನ್ನಲು ಬಾಯಿ ತೆಗೆದವನು, ಯಾಕೋ ದಡದ ಕಡೆ ನೋಡಿದೆ. ಭಾವ ಹರಿಗೋಲು ಕಟ್ಟಿ ತೊಯ್ದು ತೊಪ್ಪೆಯಾಗಿ ಮೇಲೆ ಬಂದಿದ್ದರು. ಅಕ್ಕ ಅವರನ್ನು ಬಗ್ಗಿಸಿ, ಮಗುವಿಗೆ ಒರೆಸಿದ ಹಾಗೆ ಟವೆಲಿನಲ್ಲಿ ತಲೆ ಒರೆಸುತ್ತಿದ್ದಳು. ಬೈಯುತ್ತಿದ್ದಳು, ಒರೆಸುತ್ತಿದ್ದಳು. ಕಿವಿಯ ಹತ್ತಿರ ಬಂದಾಗ ಒದ್ದೆ ಬೀಡಿಯನ್ನು ತೆಗೆದು ಬಿಸಾಡಿ ಅಲ್ಲೂ ಒರೆಸಿದಳು. ನನ್ನ ಕಾಲನ್ನು ತಿಕ್ಕಿ ತೊಳೆಯುತ್ತಿದ್ದುದು ಅದೇ ಕೈ.

"ಬದುಕಿಸಮ್ಮ" ಎಂದೆ.

"ಗ್ಯಾರಂಟಿನಾ ಅಂಕಲ್? ಒಳ್ಳೆ ಕೊನೆ ಅದು."

"ಒಳ್ಳೆ ಕೊನೆಯೇ. ಪುಸ್ತಕದಲ್ಲಿ ಇರಲಿ ಬಿಡು. ಇಲ್ಲಿ ಅವನು ಮನೆಗೆ ಹೋಗಲಿ."

ಬದುಕಿ ಬಂದವನಿಗೆ ಊಟ ಹಾಕಬೇಕಲ್ಲ? ಆ ದೃಶ್ಯ ಯಾರೂ ಬರೆದಿರಲಿಲ್ಲ, ಶೂಟಿಂಗು ನೋಡಲೆಂದು ನಾಯಕನ ಪಾತ್ರದವನು ಬಂದಿದ್ದ, ಅವನ ಹೆಂಡತಿಯ ಪಾತ್ರದವಳು ಬಂದಿರಲಿಲ್ಲ. ಕೈ ಮಾತ್ರ ಕಂಡರೆ ಸಾಕು ಎಂದು ಚೈತ್ರ ಅತ್ತಿತ್ತ ನೋಡಿ, ಅಕ್ಕನ ಮುಂದೆ ಹೋಗಿ ನಿಂತು, "ಅಮ್ಮ, ನಿಮ್ಮ ಕ್ಯಾರಿಯರಿನಲ್ಲಿ ಏನಿದೆ?" ಎಂದು ಕೇಳಿದಳು. ಏನಿರುತ್ತದೆ, ಮುದ್ದೆ ಇತ್ತು, ಉಪ್ಪೆಸರು ಇತ್ತು. "ಯಾರ್ಗೆ ಬಡಿಸ್ಬೇಕು?" ಎಂದಳು ಅಕ್ಕ. ಹಡಗು ಮುಳುಗದೆ ಉಳಿದವನಿಗೆ ಎಂದು ಚೈತ್ರ ಹೇಳಿದಳು. ಅಕ್ಕ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಬಳೆ ಹಿಂದಕ್ಕೆ ಸರಿಸಿಕೊಂಡು, ಹಾಲಿನ ವ್ಯಾನಿನ ಮಲ್ಲನಾಯಕನ ತಟ್ಟೆಗೆ ಮುದ್ದೆ ಇಟ್ಟಳು. ಒಂದೇ ಟೇಕು. ಅವನು ನಿಜವಾಗಿಯೂ ಹಸಿದಿದ್ದ. ಕಟ್ ಎಂದ ಮೇಲೂ ಅಕ್ಕ ಬಡಿಸುತ್ತಲೇ ಇದ್ದಳು, ಅವನು ಉಣ್ಣುತ್ತಲೇ ಇದ್ದ.

ಅತ್ತ ಸನಾವುಲ್ಲ ತೇಲಿ ಬಂದ ಹಡಗನ್ನು ಎತ್ತಿ ಒರೆಸುತ್ತ ಕೂತಿದ್ದ. ಅವನ ಪಕ್ಕ ಟೀ ಹಿಡಿದು ಕೂತೆ.

"ಹೆಂಗ್ಲಾ ಮಾಡ್ದೆ ಇದನ್ನ? ಮುಳುಗೋಕೆ ಅಂತ ತಾನೇ ನಾನು ಹೇಳಿದ್ದು?"

"ನೀನ್ ಹೇಳ್ದೆ. ನೀನ್ ಹೇಳಿದ ವಾರಕ್ಕೆ ನಿಮ್ಮಕ್ಕ ಬಂದಿದ್ರು ಕಾರ್ಖಾನೆಗೆ, ಉಯ್ಯಂಬಳ್ಳಿಯಿಂದ ಬಸ್ ಹತ್ತಿ. 'ಸನಾವುಲ್ಲ, ಅದು ಮುಳುಗ್ಬಾರ್ದು ಕಣಪ್ಪ' ಅಂದ್ರು. ಒಳ್ಗೆ ಗಾಳಿ ನಿಲ್ಲಂಗೆ ಡಬ್ಬಿ ಡಬ್ಬಿ ಮಾಡಿ ಸಂದಿಗೆಲ್ಲ ಅರಗು ತುಂಬ್ಬುಟ್ಟೆ."

"ಹಡಗು ಮಾಡಿಸ್ತಿದ್ದೀನಿ ಅಂತ ಅಕ್ಕನಿಗೆ ಯಾರು ಹೇಳಿದ್ದು?"

"ನಾನೇ ಫೋನ್ ಮಾಡಿ ಹೇಳ್ದೆ. ಮತ್ತೆ? ನನ್ ಕಾಲೂ ತೊಳ್ದವ್ರಲ್ವಾ ಅವ್ರು." ಟೀ ಮುಗಿಸಿ ಲೋಟ ಕೆಳಗಿಟ್ಟು ಸೇರಿಸಿದ: "ಗಾಲಿ ಮಾತ್ರ ಅಕ್ಕ ಹೇಳಿದ್ದಲ್ಲ. ಅದು ನನ್ ಕೈನೇ."

ಸಿನಿಮಾ ಬಂತು. ಊರಿನ ಒಂದು ಕಲ್ಯಾಣ ಮಂಟಪದಲ್ಲಿ ಬಿಳಿ ಪರದೆ ಕಟ್ಟಿ ಎಲ್ಲರಿಗೂ ತೋರಿಸಿದರು. ಚೈತ್ರ ಎಷ್ಟು ಕತ್ತರಿಸಿದರೂ ಬಿರುಗಾಳಿಯ ನಡುವೆ ಒಂದು ಕ್ಷಣ ಗಾಲಿ ಕಂಡೇ ಕಂಡಿತು. ಬೇರೆ ಊರಿನವರಿಗೆ ಅದು ಏನೆಂದು ತಿಳಿಯದೇ ಹೋಗಿರಬಹುದು. ಚನ್ನಪಟ್ಟಣದವರು ಶಿಳ್ಳೆ ಹೊಡೆದು ಎದ್ದು ನಿಂತರು. ನನ್ನ ಮಾತುಗಳಿಗೆ ಯಾವುದಕ್ಕೂ ಶಿಳ್ಳೆ ಬೀಳಲಿಲ್ಲ. ಸನಾವುಲ್ಲ ಮುಂದಿನ ಸಾಲಿನಲ್ಲಿ ಮದುಮಗನ ಹಾಗೆ ಕೂತಿದ್ದ. ಕೊನೆಯಲ್ಲಿ ಪರದೆಯ ತುಂಬ ಅಕ್ಕನ ಕೈ ಬಂತು, ತಟ್ಟೆಗೆ ಮುದ್ದೆ ಬಿತ್ತು. ಅಕ್ಕ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ದೀಪ ಹತ್ತಿದ ಕೂಡಲೇ ಉಯ್ಯಂಬಳ್ಳಿಯ ಬಸ್ ಹತ್ತಿದಳು.

ಒಬ್ಬ ವಿಮರ್ಶಕರು ಫೋನ್ ಮಾಡಿ, ಆರಿದ ಮುದ್ದೆಯನ್ನು ಬಿಸಿ ಮಾಡಿ ಕಾದಂಬರಿಯನ್ನು ಕೆಡಿಸಿದರು ಎಂದು ನೊಂದುಕೊಂಡರು. ನಾನೂ ಹೌದು ಸಾರ್ ಎಂದು ಅವರ ಜೊತೆ ಸ್ವಲ್ಪ ನೊಂದುಕೊಂಡೆ.

ಆ ವರ್ಷದ ಗೌರಿಹಬ್ಬಕ್ಕೆ ಮತ್ತೆ ಮೊರ ಜೋಡಿಸಿಕೊಂಡು ಹೊರಟೆ. ಮನೆ ಮುಟ್ಟಿದಾಗ ಅಕ್ಕ ಜಗಲಿಯ ಮೇಲೆ ಅಲಸಂದೆಕಾಯಿ ಸುಲಿಯುತ್ತಿದ್ದಳು, ಭಾವ ಹೊಳೆಗೆ ಹೊರಟು ನಿಂತಿದ್ದರು. ನಾನು ಮೊರವನ್ನು ಅವಳ ಮುಂದೆ ಇಟ್ಟು ನಿಂತೆ. ಅವಳು ನೋಡಲಿಲ್ಲ, ತಳ್ಳಲೂ ಇಲ್ಲ. ಒಂದು ಕಾಯಿ ಸುಲಿದಳು, ಇನ್ನೊಂದು ಸುಲಿದಳು.

ಭಾವ ಕಿವಿಗೆ ಬೀಡಿ ಸಿಕ್ಕಿಸಿಕೊಂಡು ಅಂಗಳಕ್ಕಿಳಿದರು. ಅಭ್ಯಾಸದಂತೆ ತಿರುಗಿ ನಿಂತರು. ಬಾಯಿ ತೆಗೆದರು, ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು, ಮುಚ್ಚಿದರು. ಹೋಗಲಾರದೆ, ನಿಲ್ಲಲಾರದೆ ಚಪ್ಪಲಿಯಲ್ಲಿ ಮಣ್ಣು ಕೆದಕಿದರು.

ಅಕ್ಕ ತಲೆ ಎತ್ತದೆಯೇ ಕೈ ಚಾಚಿ ಮೊರದೊಳಗಿನ ಕುಂಕುಮದ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿ, ಹಣೆಗೆ ಇಟ್ಟುಕೊಂಡು, "ಅದೇನ್ ಹೇಳ್ಬೇಕೋ ಹೇಳ್ಬುಟ್ಟು ಹೋಗಿ, ಹೊತ್ತಾಯ್ತದೆ" ಎಂದಳು.

ಭಾವ ಕಿವಿಯ ಬೀಡಿಯನ್ನು ಇನ್ನೊಮ್ಮೆ ಒತ್ತಿ ಸಿಕ್ಕಿಸಿಕೊಂಡರು. ಆಮೇಲೆ ಊರಿಗೆಲ್ಲ ಕೇಳುವ ಹಾಗೆ ಹೇಳಿದರು: "ಬಿಸಿ ಮುದ್ದೆ ಕಟ್ಟಿರು, ಬಂದ್ಬುಡ್ತೀನಿ."

"ಹೂಂ, ಕಟ್ಟಿರ್ತೀನಿ" ಎಂದಳು ಅಕ್ಕ. ನನ್ನ ಕಡೆ ಬೆರಳು ತೋರಿಸಿ ಸೇರಿಸಿದಳು: "ಜಲ್ದಿ ಬನ್ನಿ. ಈ ಮುಳುಗ್ಸೋನೂ ಉಣ್ಣಕ್ ಬಂದವ್ನೆ."